ಉಣದ ಕಪ್ಪೆಯ ಉಪಚಾರ

ಕಾರ್ಕಳದಿಂದ ಬಜಗೋಳಿ, ಮಾಳಗಳ ಮಾರ್ಗವಾಗಿ ಘಟ್ಟವನ್ನೇರಿ, ಕೆರೆಕಟ್ಟೆಯ ಕಾಡನ್ನು ಹಾದು ಶೃಂಗೇರಿಯನ್ನು ಸೇರುವ ಯಾತ್ರಿಕನು, ವಿದ್ಯಾಶಂಕರ ದೇವಾಲಯದ ಶಿಲ್ಪವನ್ನು ಕಣ್ಣಾರೆ ಕಂಡು, ತುಂಗೆಯ ಮೀನುಗಳಿಗೆ ಹಿಡಿ ಮಂಡಕ್ಕಿಯನ್ನೆರಚಿ ಹಿಂದಿರುಗುವಾಗ, ನದಿಯ ದಡದಲ್ಲಿ ಕಪ್ಪೆ ಶಂಕರನೆಂದು ಕರೆಯಿಸಿಕೊಳ್ಳುವ ಪುಟ್ಟ ಗುಡಿಯೊಂದನ್ನು ಕಂಡು ಬರುವುದುಂಟು. ಸುಡುಬಿಸಿಲಿನಲ್ಲಿ ಪ್ರಸವವೇದನೆಯಿಂದ ಬಳಲುತ್ತಿದ್ದ ಕಪ್ಪೆಯೊಂದಕ್ಕೆ ನಾಗರಹಾವೊಂದು ಹೆಡೆಯೆತ್ತಿ ನೆರಳು ಹಿಡಿದಿತ್ತೆಂದೂ, ಜಾತಿವೈರವನ್ನೇ ಮರೆಯಿಸಿದ ಆ ನೆಲದ ಮಹಿಮೆಗೆ ಮೆಚ್ಚಿ ಶಂಕರಾಚಾರ್ಯರು ಅಲ್ಲಿಯೇ ಪೀಠವನ್ನು ಸ್ಥಾಪಿಸಿದರೆಂದೂ ಸ್ಥಳಪುರಾಣವು ಹೇಳುತ್ತದೆ. ಈ ಕಥೆಯನ್ನು ಕ್ಷೇತ್ರಮಹಿಮೆಗೆ ನಿದರ್ಶನವಾಗಿ ಹೇಳುವುದು ವಾಡಿಕೆ. ನನಗಾದರೋ ಅದು, ಪಶ್ಚಿಮಘಟ್ಟದ ಈ ಮಗ್ಗುಲಿನಲ್ಲಿ ಆರ್ತವಾದ ಒಂದು ಉಭಯಚರಕ್ಕೆ ಸಂದ ಶುಶ್ರೂಷೆಯ ಚಿತ್ರವಾಗಿಯೂ ಕಾಣುತ್ತದೆ. ಹಾವು ಮಾಡಿದುದಾದರೂ ಏನು? ಕಪ್ಪೆಯನ್ನು ಎತ್ತಿ ಒಯ್ಯಲಿಲ್ಲ. ಅದರ ಬಾಯಿಗೆ ಏನನ್ನೂ ತುರುಕಲಿಲ್ಲ. ಅದು ಇದ್ದ ಎಡೆಯಲ್ಲಿಯೇ ಅದರ ಮೈಯ ತೇವವು ಆರಿಹೋಗದಂತೆ ನೆರಳನ್ನಿತ್ತು ನಿಂತಿತು. ಉಡುಪಿ, ಕಾಪು, ಕಾರ್ಕಳಗಳ ಸೀಮೆಯಲ್ಲಿ ಮನುಷ್ಯರು ನೀರಿನ ಅಲ್ಪಜೀವಿಗಳೊಡನೆ ನಡೆದುಕೊಂಡ ಬಗೆಯನ್ನು ಹಿಂದಿನಿಂದ ವಿಚಾರಿಸುತ್ತ ಬಂದರೆ, ಅವುಗಳಿಗೆ ಸಲ್ಲುವ ಉಪಚಾರವು ಇಂತಹದೇ ಎಂಬುದು ಮತ್ತೆ ಮತ್ತೆ ಮನವರಿಕೆಯಾಗುತ್ತದೆ.

ಶೀತದೇಶಗಳಲ್ಲಿ ನ್ಯೂಟ್ ಎಂಬ ಬಾಲವುಳ್ಳ ಉಭಯಚರಗಳನ್ನು ಗಾಜಿನ ತೊಟ್ಟಿಗಳಲ್ಲಿಟ್ಟು ಪ್ರೀತಿಯಿಂದ ಸಾಕುವವರು ಅನೇಕರಿದ್ದಾರೆ. ಅವರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವ ಚಿಂತೆಯೆಂದರೆ, ನೋಡುವುದಕ್ಕೆ ಗಾಯವಿಲ್ಲದ, ಊತವಿಲ್ಲದ ಪ್ರಾಣಿಯು ಒಂದು ದಿನ ಇದ್ದಕ್ಕಿದ್ದಂತೆ ಆಹಾರವನ್ನು ಮುಟ್ಟದೆ ಮೂಲೆ ಹಿಡಿಯುವುದು. ನಮ್ಮ ದೇಶದಲ್ಲಿ ಬಾಲದ ಉಭಯಚರಗಳಿರುವುದು ಡಾರ್ಜಿಲಿಂಗಿನ ಬೆಟ್ಟಗಳಲ್ಲಿಯೂ ಈಶಾನ್ಯದ ಮಲೆಗಳಲ್ಲಿಯೂ ಮಾತ್ರ. ದಕ್ಷಿಣದ ಘಟ್ಟಗಳಿಗೆ ಅವು ಬಂದೇ ಇಲ್ಲ. ನಮ್ಮ ಪಾಲಿಗೆ ಬಂದವು ಬಗೆಬಗೆಯ ಕಪ್ಪೆಗಳು ಮತ್ತು ತೋಟದ ಒದ್ದೆಮಣ್ಣಿನ ಅಡಿಯಲ್ಲಿ ಕಾಲಿಲ್ಲದೆ ತೆವಳುವ ಸಿಸಿಲಿಯನ್‌ಗಳು. ಆದರೆ ಕುಲವು ಬೇರೆಯಾದರೂ ಕಷ್ಟವು ಒಂದೇ. ತೊಗಲಿನಿಂದಲೂ ಉಸಿರಾಡುವ, ನೀರನ್ನು ಬಾಯಿಂದ ಕುಡಿಯದೆ ಮೈಯಿಂದಲೇ ಹೀರುವ ಈ ಜೀವಿಗಳನ್ನು ಅವುಗಳ ನೀರಿನಿಂದ ಬೇರ್ಪಡಿಸಿ ನಮ್ಮ ನೀರಿನಲ್ಲಿರಿಸಿದಾಗ, ಅವು ಮೊಟ್ಟಮೊದಲು ಬಿಡುವುದು ಆಹಾರವನ್ನೇ.

ಉಡುಪಿಯ ಮಟ್ಟಿಗಂತೂ ಕಪ್ಪೆಯು ಕೇವಲ ಕೆಸರಿನ ಪ್ರಾಣಿಯಲ್ಲ. ಋಗ್ವೇದದ ಏಳನೆಯ ಮಂಡಲದ 103ನೆಯ ಸೂಕ್ತವು ಮಳೆಗಾಲದ ಕಪ್ಪೆಗಳನ್ನು ಕುರಿತದ್ದೆಂಬುದು ಎಲ್ಲರೂ ಬಲ್ಲ ಸಂಗತಿ. ಬೇಸಗೆಯಿಡೀ ಮೌನವ್ರತದಲ್ಲಿದ್ದು, ಪರ್ಜನ್ಯನು ಬಂದೊಡನೆ ಒಟ್ಟಿಗೆ ದನಿಯೆತ್ತುವ ಮಂಡೂಕಗಳನ್ನು ವಸಿಷ್ಠರು ಅಲ್ಲಿ ಋತ್ವಿಜರ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಇದಕ್ಕಿಂತಲೂ ಸಮೀಪದ ಸಂಬಂಧವೊಂದು ಉಡುಪಿಗೆ ಉಂಟು. ಉಡುಪಿಯ ಆಗ್ನೇಯಕ್ಕೆ, ಕುಂಜಾರುಗಿರಿಯ ತಪ್ಪಲಿನ ಪಾಜಕದಲ್ಲಿ ಹದಿಮೂರನೆಯ ಶತಮಾನದಲ್ಲಿ ಜನಿಸಿದ ಮಧ್ವಾಚಾರ್ಯರು ಹತ್ತು ಉಪನಿಷತ್ತುಗಳಿಗೆ ಭಾಷ್ಯವನ್ನು ರಚಿಸಿದರಷ್ಟೆ. ಅವುಗಳಲ್ಲಿ ಮಾಂಡೂಕ್ಯದ ಭಾಷ್ಯದಲ್ಲಿ, ಮಂಡೂಕರೂಪವನ್ನು ತಾಳಿದ ವರುಣದೇವನೇ ನಾರಾಯಣನನ್ನು ಧ್ಯಾನಿಸುತ್ತ ಆ ಉಪನಿಷತ್ತಿನ ಮಂತ್ರಗಳಿಂದ ಅವನನ್ನು ಸ್ತುತಿಸಿದನೆಂದು ಅವರು ಹೇಳಿದ್ದಾರೆ. ನೀರಿನ ಅಧಿದೇವತೆಯು ಧ್ಯಾನಕ್ಕೆ ಆರಿಸಿಕೊಂಡ ಶರೀರವು ಕಪ್ಪೆಯದೆಂಬ ಈ ಮಾತನ್ನು ಪಾಠಶಾಲೆಗಳಲ್ಲಿ ಕಲಿತವರು, ಆ ಪ್ರಾಣಿಯನ್ನು ಕಾಲಿನಿಂದ ಒದ್ದು ನೂಕುವುದಕ್ಕೆ ಒಂದು ಕ್ಷಣವಾದರೂ ಅಳುಕಿದ್ದಿರಬೇಕು.

ಶಾಸ್ತ್ರದಲ್ಲಿ ಇಂತಿದ್ದರೆ, ನೆಲದ ಮೇಲಿನ ವ್ಯವಹಾರವು ಎಂತಿತ್ತು? ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ಹತ್ತಿ ಪೂರ್ವಕ್ಕೆ ಮುಖಮಾಡಿ ನಿಂತರೆ, ತೆಂಗಿನ ತೋಟಗಳ ಆಚೆಗೆ ತಗ್ಗಿನ ಗದ್ದೆಗಳೂ, ಅವುಗಳಾಚೆಗೆ ಮೆಟ್ಟಿಲುಮೆಟ್ಟಿಲಾಗಿ ಮೇಲೇರುವ ಮುರಕಲ್ಲಿನ ಪದವುಗಳೂ, ಎಲ್ಲಕ್ಕಿಂತ ಹಿಂದೆ ಘಟ್ಟದ ನೀಲಿಯೂ ಕಾಣುತ್ತವೆ. ಈ ನೆಲವನ್ನು ಇಲ್ಲಿನ ಒಕ್ಕಲುಗಳು ನೀರಿನ ಲೆಕ್ಕದಿಂದಲೇ ವಿಂಗಡಿಸಿದರು: ಸದಾ ತೇವವಿರುವ ತಗ್ಗಿನದು ಬೈಲು, ನಡುವಿನದು ಮಜಲು, ಮಳೆಯನ್ನೇ ನಂಬಿದ ಎತ್ತರದ್ದು ಬೆಟ್ಟು. ಬೆಳೆಗಳೂ ಅಂತೆಯೇ ಏಣೆಲು, ಸುಗ್ಗಿ, ಕೊಳಕೆಗಳೆಂದು ಮೂರಾದವು. ವರ್ಷಕ್ಕೆ ಸರಾಸರಿ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ, ಸುರಿದುದರ ಬಹುಪಾಲು ನಾಲ್ಕು ತಿಂಗಳಲ್ಲಿ ಬಂದು ಕಡಲಿಗೆ ಹೋಗಿಬಿಡುವುದರಿಂದ, ಅದನ್ನು ತಡೆದಿರಿಸಿಕೊಳ್ಳುವುದಕ್ಕೆ ಮದಗ, ಕೆರೆ, ಪಳ್ಳ, ತೋಡಿನ ಕಟ್ಟ ಇವೆಲ್ಲ ಹುಟ್ಟಿಕೊಂಡವು. ಮನುಷ್ಯನು ತನ್ನ ಬೆಳೆಗೆಂದು ಕಟ್ಟಿದ ಈ ನೀರುಗಳೇ ಕಪ್ಪೆಯ ಸಂತಾನಕ್ಕೂ ತೊಟ್ಟಿಲಾದವು. ನೇಜಿ ನೆಡುವ ಕಾಲಕ್ಕೆ ಗದ್ದೆಯಲ್ಲಿ ಗೊದಮೊಟ್ಟೆ, ಪೈರು ಎದ್ದು ನಿಲ್ಲುವ ಕಾಲಕ್ಕೆ ಮರಿಗಪ್ಪೆ, ತೆನೆ ಕಟ್ಟುವ ವೇಳೆಗೆ ಹುಳುವನ್ನು ಹೆಕ್ಕಿ ತಿನ್ನುವ ಬಲಿತ ಕಪ್ಪೆ. ಬೇಸಾಯದ ಪಂಚಾಂಗವೂ ಕಪ್ಪೆಯ ಬಾಳಿನ ಪಂಚಾಂಗವೂ ಇಷ್ಟು ನಿಕಟವಾಗಿ ಹೊಂದಿಕೊಂಡುದು ಶತಮಾನಗಳ ಸಹವಾಸದ ಫಲ.

ಮನೆಯ ಬಾವಿಯಲ್ಲಿಯೂ ಅದಕ್ಕೊಂದು ಸ್ಥಾನವಿತ್ತು. ಮುರಕಲ್ಲನ್ನು ಕಡಿದು ಇಳಿಸಿದ ಹಳೆಯ ಬಾವಿಗಳ ಒಳಮೈಯು ನುಣುಪಾಗಿರುವುದಿಲ್ಲ. ಕಲ್ಲಿನ ಪೊಟರೆಗಳಲ್ಲಿ ಜರಿಗಿಡ ಬೆಳೆದು, ಒರತೆಯ ಪಸೆ ಜಿನುಗುತ್ತ, ನೀರಿನ ಮಟ್ಟಕ್ಕೆ ಒಂದು ಗೇಣು ಮೇಲೆ ಕಪ್ಪೆಯೊಂದು ಕುಳಿತಿರುವುದು ಸರ್ವಸಾಧಾರಣವಾದ ದೃಶ್ಯ. ಕೆಲವರು ಒಂದೆರಡು ಮೀನುಗಳನ್ನೂ ಒಂದು ಆಮೆಯನ್ನೂ ಬಾವಿಗೆ ಬಿಡುತ್ತಿದ್ದುದುಂಟು. ನೀರಿನಲ್ಲಿ ಹುಳು ಹುಟ್ಟದಿರಲಿ ಎಂಬುದು ಅದರ ಉದ್ದೇಶ. ಬೇಸಗೆಯ ಕೊನೆಯಲ್ಲಿ ಬಾವಿಯ ಹೂಳನ್ನು ತೆಗೆಯುವ ದಿನ ನಡೆಯುತ್ತಿದ್ದ ಕೆಲಸವನ್ನು ನಾನು ಎಳೆಯ ವಯಸ್ಸಿನಲ್ಲಿ ಹತ್ತಿರ ನಿಂತು ನೋಡಿದ್ದೇನೆ. ಕೆಳಗಿಳಿದ ಆಳು ಮೊದಲು ಕೇಳುತ್ತಿದ್ದುದು ಗುದ್ದಲಿಯನ್ನಲ್ಲ, ಕೊಡಪಾನವನ್ನು. ಉಳಿದಿದ್ದ ಮೊಳಕಾಲುದ್ದದ ನೀರಿನಿಂದಲೇ ಅದನ್ನು ಅರ್ಧ ತುಂಬಿಸಿ, ಮೀನುಗಳನ್ನೂ ಕಪ್ಪೆಗಳನ್ನೂ ಒಂದೊಂದಾಗಿ ಅದರೊಳಗೆ ಸೇರಿಸಿ ಮೇಲಕ್ಕೆ ಕಳುಹಿಸುವನು. ಮೇಲಿದ್ದವರು ಆ ಕೊಡಪಾನವನ್ನು ಹಲಸಿನ ಮರದ ನೆರಳಿನಲ್ಲಿರಿಸಿ, ಬಾಯಿಗೆ ಒದ್ದೆ ಬೈರಾಸನ್ನು ಹೊದಿಸುವರು. ಎರಡು ದಿನ ಕಳೆದು ಒರತೆಯ ನೀರು ತಿಳಿಯಾದ ಮೇಲೆ, ಹಗ್ಗದಲ್ಲಿ ಕೊಡಪಾನವನ್ನು ಮೆಲ್ಲನೆ ಇಳಿಸಿ, ನೀರಿಗೆ ತಾಕಿದ ಬಳಿಕ ಓರೆಮಾಡಿ, ಜೀವಗಳನ್ನು ಇಳಿಯಗೊಡುವರು. ಆ ಎರಡು ದಿನ ಅವಕ್ಕೆ ಯಾರೂ ಏನನ್ನೂ ತಿನ್ನಿಸಲು ಹೋದುದನ್ನು ನಾನು ಕಾಣೆ. ಅದರ ಆವಶ್ಯಕತೆಯಿಲ್ಲವೆಂಬುದು ಅವರಿಗೆ ಗೊತ್ತಿತ್ತು.

ಕಾರ್ಕಳದ ಜೈನ ಮನೆತನಗಳಲ್ಲಿ ಈ ನಡವಳಿಕೆಯು ಧರ್ಮವಿಧಿಯ ರೂಪವನ್ನೇ ತಾಳಿತ್ತು. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ 42 ಅಡಿಗಳ ಗೊಮ್ಮಟನನ್ನೂ, 1586ರಲ್ಲಿ ಇಮ್ಮಡಿ ಭೈರರಸನು ಕಟ್ಟಿಸಿದ ಚತುರ್ಮುಖ ಬಸದಿಯನ್ನೂ ನೋಡಿ ಹಿಂದಿರುಗುವವರು, ಆ ಧರ್ಮದ ಮಹತ್ತನ್ನು ಶಿಲೆಯಲ್ಲಿ ಅಳೆಯುತ್ತಾರೆ. ನನ್ನ ಮಟ್ಟಿಗೆ ಅದರ ಮಹತ್ತು ನೀರನ್ನು ಸೋಸುವ ಬಟ್ಟೆಯ ಒಂದು ತುಂಡಿನಲ್ಲಿ ಇನ್ನಷ್ಟು ನಿಚ್ಚಳವಾಗಿ ಕಾಣುತ್ತದೆ. ಶ್ರಾವಕರು ನೀರನ್ನು ಸೋಸಿಯೇ ಕುಡಿಯಬೇಕೆಂಬುದು ಎಲ್ಲರೂ ಕೇಳಿದ ನಿಯಮ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಗಳ ಗತಿಯೇನೆಂಬುದನ್ನು ಕುರಿತು ಆ ಶಾಸ್ತ್ರವು ವಿಧಿಸಿದುದನ್ನು ಅರಿತವರು ಕಡಿಮೆ. ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಿಂದಲೇ ಮೆಲ್ಲನೆ ತೊಳೆದು, ಆ ತೊಳೆದ ನೀರನ್ನು ಎಲ್ಲಿಯೋ ಚೆಲ್ಲದೆ, ಯಾವ ಬಾವಿಯಿಂದ ಸೇದಿದ್ದರೋ ಆ ಬಾವಿಗೇ, ಎತ್ತರದಿಂದ ಸುರಿಯದೆ ಪಾತ್ರೆಯನ್ನು ನೀರಿನ ಮಟ್ಟಕ್ಕೆ ಇಳಿಸಿಯೇ ಸೇರಿಸಬೇಕು. ಒಂದು ಬಾವಿಯ ಜೀವವನ್ನು ಇನ್ನೊಂದು ಬಾವಿಗೆ ಸೇರಿಸುವುದೂ ಹಿಂಸೆಯೇ. ಮಳೆಗಾಲದ ನಾಲ್ಕು ತಿಂಗಳು ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆಯಲ್ಲಿ ನೆಲಸುವುದಕ್ಕೂ, ಹಸಿನೆಲದಲ್ಲಿ ಹುಟ್ಟಿ ಹರಿದಾಡುವ ಜೀವಿಗಳು ಕಾಲಡಿಗೆ ಸಿಕ್ಕಬಾರದೆಂಬುದೇ ಕಾರಣ. ಕಾರ್ಕಳಕ್ಕೆ ಅನತಿದೂರದ ವರಂಗದಲ್ಲಿ, ಕೆರೆಯ ನಡುವೆ ನಿಂತ ಬಸದಿಗೆ ದೋಣಿಯಲ್ಲಿ ಹೋಗುವ ಭಕ್ತರು ಇಂದಿಗೂ ಅಲ್ಲಿಯ ಮೀನುಗಳಿಗೆ ಆಹಾರವನ್ನು ನೀರಿಗೇ ಎರಚುತ್ತಾರೆ. ಕೆರೆಯ ಪ್ರಾಣಿಯನ್ನು ಮನೆಗೆ ತಂದು ಸಾಕುವ ಆಲೋಚನೆ ಆ ಸಂಪ್ರದಾಯದ ಒಳಗೆ ಹುಟ್ಟುವಂತಹದಲ್ಲ.

ಪ್ರಾಣಿವೈದ್ಯವೆಂಬುದು ಈ ನಾಡಿಗೆ ಅಪರಿಚಿತವಾಗಿತ್ತೆಂದು ಇದರಿಂದ ಭಾವಿಸಬಾರದು. ಮೇವು ಬಿಟ್ಟ ದನಕ್ಕೆ ಕಷಾಯವನ್ನು ಕಾಸಿ, ಬಿದಿರಿನ ಗೊಟ್ಟದಿಂದ ಅದರ ಗಂಟಲಿಗಿಳಿಸುವ ಕೈಚಳಕವುಳ್ಳವರು ಊರಿಗೊಬ್ಬರಾದರೂ ಇರುತ್ತಿದ್ದರು. ಆಟಿ ತಿಂಗಳಿನಲ್ಲಿ ತಾಳೆಗರಿಯ ಕೊಡೆಯನ್ನು ಹಿಡಿದು ಮನೆಮನೆಗೆ ಬರುವ ಆಟಿ ಕಳೆಂಜನು ಮನುಷ್ಯರ ರೋಗದೊಡನೆ ಜಾನುವಾರುಗಳ ಮಾರಿಯನ್ನೂ ಕಳೆಯುವವನು. ಆದರೆ ಗೊಟ್ಟವು ಹಟ್ಟಿಯ ಪ್ರಾಣಿಗೆ ಮಾತ್ರ. ಕಪ್ಪೆಗೆ ಔಷಧವನ್ನು ಕಂಡುಹಿಡಿಯುವ ಪ್ರಸಂಗವೇ ಹಿಂದಿನವರಿಗೆ ಒದಗಲಿಲ್ಲ. ಅದನ್ನು ಯಾರೂ ಕೂಡಿಹಾಕಿರಲಿಲ್ಲವಾದುದರಿಂದ, ಅದು ಉಣ್ಣದೆ ಕುಳಿತುದನ್ನು ಕಾಣುವವರೂ ಇರಲಿಲ್ಲ.

ಅದು ವರ್ಷದಲ್ಲಿ ಹಲವು ತಿಂಗಳು ಉಣ್ಣದೆಯೇ ಇರುತ್ತದೆಂಬುದನ್ನು ಮಾತ್ರ ಎಲ್ಲರೂ ಬಲ್ಲವರಾಗಿದ್ದರು. ತುಲಾಮಾಸದ ಮಳೆ ಹಿಂದೆಗೆದು ಬೆಟ್ಟುಗದ್ದೆಯ ಮಣ್ಣು ಬಿರಿಯತೊಡಗಿದಾಗ ಕಪ್ಪೆಗಳು ನೆಲದ ಬಿರುಕು, ಬದುವಿನ ಬಿಲ, ಹಸಿಗೊಬ್ಬರದ ತಳ ಇವುಗಳನ್ನು ಹೊಕ್ಕು, ಉಸಿರನ್ನೂ ಎದೆಬಡಿತವನ್ನೂ ಕುಗ್ಗಿಸಿಕೊಂಡು, ಮುಂಗಾರಿನವರೆಗೆ ನಿದ್ರಿಸುತ್ತವೆ. ಮಳೆಗಾಲದಲ್ಲಿ ಮೈಯೊಳಗೆ ಕೂಡಿಟ್ಟ ಕೊಬ್ಬೇ ಆ ದೀರ್ಘೋಪವಾಸದ ಬುತ್ತಿ. ಮೇಷಮಾಸದ ಬಿಸಿಲಿನಲ್ಲಿ ತೋಟ ಅಗೆಯುವಾಗ ಗುದ್ದಲಿಗೆ ಸಿಕ್ಕಿದ ಕಪ್ಪೆಯನ್ನು ಮನೆಗೆ ತಂದು, ಅದು ತಿನ್ನುವುದಿಲ್ಲವೆಂದು ಮರುಗುವುದು, ನಟ್ಟಿರುಳಿನಲ್ಲಿ ಎಬ್ಬಿಸಿ ಊಟಕ್ಕೆ ಕರೆದಂತೆ. ಉಪವಾಸಗಳಲ್ಲಿ ಋತುಧರ್ಮದ ಉಪವಾಸವನ್ನೂ ರೋಗದ ಉಪವಾಸವನ್ನೂ ಬೇರ್ಪಡಿಸಿ ತಿಳಿಯುವುದು ಉಭಯಚರವೈದ್ಯದ ಮೊದಲ ಪಾಠವಾಗಿದೆ.

ಕಪ್ಪೆಯನ್ನು ಹಿಡಿದು ಕೂಡಿಹಾಕುವ ಕಾಲವು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಎರಡು ದಾರಿಗಳಿಂದ ಒಟ್ಟೊಟ್ಟಿಗೆ ಬಂದಿತು: ಒಂದು ವ್ಯಾಪಾರದ ದಾರಿ, ಇನ್ನೊಂದು ವಿದ್ಯೆಯ ದಾರಿ. ಐರೋಪ್ಯರ ಮತ್ತು ಅಮೆರಿಕನರ ಭೋಜನಕ್ಕಾಗಿ ಕಪ್ಪೆಯ ಹಿಂಗಾಲುಗಳನ್ನು ಹಿಮೀಕರಿಸಿ ರಫ್ತುಮಾಡುವ ಉದ್ಯಮವು 1950ರ ದಶಕದಲ್ಲಿ ಪಶ್ಚಿಮ ಕರಾವಳಿಯಲ್ಲಿ ಬೇರೂರಿತು. ಮುಂಗಾರಿನ ಮೊದಲ ರಾತ್ರಿಗಳಲ್ಲಿ ಗ್ಯಾಸ್‌ಲೈಟನ್ನೂ ಗೋಣಿಚೀಲವನ್ನೂ ಹಿಡಿದು ಬೈಲಿಗಿಳಿದವರಿಗೆ, ಕೂಗಿ ಕೂಗಿ ಮೈಮರೆತ ಗೋಂಕುರುಕಪ್ಪೆಗಳನ್ನು ಹಿಡಿಯುವುದು ಕಷ್ಟವಾಗುತ್ತಿರಲಿಲ್ಲ. ಅವು ಮೊಟ್ಟೆಯಿಡುವ ಮುನ್ನವೇ ಚೀಲ ಸೇರುತ್ತಿದ್ದುವು. 1980ರ ದಶಕದ ಆರಂಭಕ್ಕೆ ದೇಶದಿಂದ ವರ್ಷಕ್ಕೆ 4,000 ಟನ್ನುಗಳಷ್ಟು ಕಾಲುಗಳು ಹಡಗನ್ನೇರುತ್ತಿದ್ದುವು. ಗದ್ದೆಯ ಹುಳುವನ್ನು ತಿನ್ನುವ ಪ್ರಾಣಿಯನ್ನು ಮಾರಿ ಬಂದ ವಿದೇಶೀ ದ್ರವ್ಯದಿಂದ ಹುಳುವನ್ನು ಕೊಲ್ಲುವ ವಿಷವನ್ನು ಕೊಳ್ಳುವುದು ಎಂತಹ ಅವಿವೇಕವೆಂಬುದನ್ನು ಪ್ರಾಣಿಶಾಸ್ತ್ರಜ್ಞರು ಎತ್ತಿ ತೋರಿಸಿದ ಮೇಲೆ, 1985ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ನಿಗಾ ಬಂದಿತು. 1987ರಲ್ಲಿ ಭಾರತವು ರಫ್ತನ್ನೇ ನಿಷೇಧಿಸಿತು. ಗೋವೆಯ ಹೋಟೆಲುಗಳಿಗೆ ಕದ್ದು ಸಾಗಿಸುವ ಕೆಟ್ಟ ಕೆಲಸವು ಆ ಮೇಲೆಯೂ ಪೂರ್ತಿ ನಿಲ್ಲಲಿಲ್ಲ.

ವಿದ್ಯೆಯ ದಾರಿಯ ಕಥೆ ಇದಕ್ಕಿಂತ ದೀರ್ಘವಾದುದು, ಮತ್ತು ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು. 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧೀ ಸ್ಮಾರಕ ಕಾಲೇಜೂ, 1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರ ಸಾಹಸದಿಂದ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರಬಾ ವೈದ್ಯಕೀಯ ಕಾಲೇಜೂ ಸ್ಥಾಪನೆಗೊಂಡುವು. ಜೀವಶಾಸ್ತ್ರವನ್ನೂ ಶರೀರಕ್ರಿಯಾಶಾಸ್ತ್ರವನ್ನೂ ಕಲಿಸುವಲ್ಲೆಲ್ಲ ಆ ಕಾಲದಲ್ಲಿ ಕಪ್ಪೆಯು ಬೇಕೇ ಬೇಕಾಗಿತ್ತು. ಅದಕ್ಕೆ ಚರಿತ್ರೆಯ ಕಾರಣಗಳುಂಟು. ಸತ್ತ ಕಪ್ಪೆಯ ಕಾಲು ವಿದ್ಯುತ್ತಿನ ಸ್ಪರ್ಶಕ್ಕೆ ಸೆಟೆದುದನ್ನು ಇಟಲಿಯ ಗಾಲ್ವಾನಿಯು 1791ರಲ್ಲಿ ಪ್ರಕಟಿಸಿದಂದಿನಿಂದ ಸ್ನಾಯುವಿನ ವಿದ್ಯೆಯು ಕಪ್ಪೆಯ ತೊಡೆಯನ್ನೇ ಆಶ್ರಯಿಸಿತ್ತು. ಇಂದು ಆಸ್ಪತ್ರೆಗಳಲ್ಲಿ ರೋಗಿಯ ರಕ್ತನಾಳಕ್ಕೆ ಹನಿಹನಿಯಾಗಿ ಇಳಿಯುವ ಲವಣದ್ರಾವಣದ ಮೂಲಸೂತ್ರವನ್ನು ಸಿಡ್ನಿ ರಿಂಗರ್ 1880ರ ದಶಕದಲ್ಲಿ ಕಂಡುಕೊಂಡುದು, ಕಪ್ಪೆಯ ಹೃದಯವನ್ನು ದೇಹದಿಂದ ಹೊರತೆಗೆದ ಮೇಲೂ ಮಿಡಿಯುತ್ತಿರುವಂತೆ ಮಾಡುವ ಯತ್ನದಲ್ಲಿ. ನರವು ಹೃದಯಕ್ಕೆ ತನ್ನ ಆಜ್ಞೆಯನ್ನು ರಾಸಾಯನಿಕವೊಂದರ ಮೂಲಕ ತಿಳಿಸುತ್ತದೆಂಬುದನ್ನು ಓಟೋ ಲೋವಿಯು 1921ರಲ್ಲಿ ಸಿದ್ಧಪಡಿಸಿ, ಮುಂದೆ 1936ರಲ್ಲಿ ನೊಬೆಲ್ ಪಾರಿತೋಷಿಕದ ಪಾಲನ್ನು ಪಡೆದುದು ಎರಡು ಕಪ್ಪೆಗಳ ಎರಡು ಹೃದಯಗಳಿಂದ. ಗರ್ಭಿಣಿಯ ಮೂತ್ರವನ್ನು ಗಂಡು ನೆಲಗಪ್ಪೆಗೆ ಚುಚ್ಚಿ, ಕೆಲವೇ ಗಂಟೆಗಳಲ್ಲಿ ಗರ್ಭವನ್ನು ನಿರ್ಧರಿಸುವ ವಿಧಾನವನ್ನು ಅರ್ಜೆಂಟೀನದ ಗಾಲಿ ಮಾಯಿನೀನಿಯು 1947ರಲ್ಲಿ ಪ್ರಚುರಪಡಿಸಿದ ಬಳಿಕ, ಆಸ್ಪತ್ರೆಗಳಿಗೂ ಕಪ್ಪೆಯ ತೊಟ್ಟಿಗಳು ಬಂದುವು. ನಾವು ಈ ಪ್ರಾಣಿಗೆ ಸಲ್ಲಿಸಬೇಕಾದ ಋಣವು ಅಲ್ಪವಾದುದಲ್ಲ.

ಹೀಗೆ ಹಿಡಿದು ತಂದ ಕಪ್ಪೆಗಳನ್ನು ಪಾಠದ ದಿನದವರೆಗೆ ಬದುಕಿಸಿಡಬೇಕಷ್ಟೆ? ಆ ಹೊಣೆ ಅಧ್ಯಾಪಕರದಲ್ಲ, ಪ್ರಯೋಗಶಾಲೆಯ ಅಟೆಂಡರರದು. ಗದ್ದೆಯ ಬದುವಿನಲ್ಲಿ ಹುಟ್ಟಿ ಬೆಳೆದ, ಶಾಲೆಯನ್ನು ಹೆಚ್ಚು ಕಾಣದ ಈ ಮಂದಿಯೇ ನಮ್ಮ ಕಡೆಯ ಮೊದಲ ಮಂಡೂಕವೈದ್ಯರೆಂದು ನಾನು ದೃಢವಾಗಿ ನಂಬಿದ್ದೇನೆ. ಅವರ ಹೆಸರುಗಳು ಯಾವ ಗ್ರಂಥದಲ್ಲಿಯೂ ಬರಲಿಲ್ಲವೆಂಬುದು ನನಗೆ ಯಾವಾಗಲೂ ನೋವನ್ನುಂಟುಮಾಡುವ ಸಂಗತಿ. ನಾನು ಕಲಿತ ಕಾಲೇಜಿನಲ್ಲಿ ಅಂತಹ ಹಿರಿಯರೊಬ್ಬರಿದ್ದರು. ಹಿತ್ತಿಲ ಕಡೆಯ ಸಿಮೆಂಟಿನ ತೊಟ್ಟಿಯಲ್ಲಿ ಅವರು ನೀರನ್ನು ನಾಲ್ಕು ಬೆರಳಿಗಿಂತ ಹೆಚ್ಚು ನಿಲ್ಲಗೊಡುತ್ತಿರಲಿಲ್ಲ; ನಡುವೆ ಮುರಕಲ್ಲಿನ ಎರಡು ತುಂಡುಗಳನ್ನು ಅರ್ಧ ಮುಳುಗುವಂತೆ ಇಟ್ಟು, ಮೇಲೆ ಒದ್ದೆಗೋಣಿಯನ್ನು ಹಾಸಿ, ನಳ್ಳಿಯ ನೀರನ್ನು ಹಂಡೆಯಲ್ಲಿ ಒಂದು ದಿನ ಬಿಸಿಲಿಗಿಟ್ಟು ಕ್ಲೋರಿನ್ನಿನ ವಾಸನೆ ಹೋದ ಬಳಿಕವೇ ತೊಟ್ಟಿಗೆ ಹೊಯ್ಯುತ್ತಿದ್ದರು. ಹೊಸದಾಗಿ ಬಂದ ಕಪ್ಪೆಯೊಂದು ಮೂಲೆಗೆ ಮುಖವೊತ್ತಿ ಕುಳಿತು ಏನನ್ನೂ ತಿನ್ನದಿದ್ದಾಗ, ಅದಕ್ಕೆ ಕಾಹಿಲೆಯಿರಬೇಕೆಂದು ನಾವು ವಿದ್ಯಾರ್ಥಿಗಳು ತವಕಪಟ್ಟರೆ, “ಸೀಕಲ್ಲ ಮಾರಾಯ್ರೆ, ಹೆದರಿಕೆ. ನಾಲ್ಕು ದಿನ ಗೋಣಿ ಎತ್ತಿ ನೋಡ್ಬೇಡಿ, ಮತ್ತೆ ತಿಂತದೆ” ಎಂದು ನಮ್ಮನ್ನು ಹೊರಗಟ್ಟುತ್ತಿದ್ದರು. ನಾಲ್ಕು ದಿನ ಕಳೆದ ಮೇಲೆ ತೆಂಗಿನ ಗರಿಯ ಕಡ್ಡಿಯ ತುದಿಗೆ ಎರೆಹುಳುವಿನ ತುಂಡನ್ನು ಸಿಕ್ಕಿಸಿ, ಕಪ್ಪೆಯ ಮುಖಕ್ಕೆ ತುಸು ಓರೆಯಾಗಿ, ಕಂಡೂ ಕಾಣದಂತೆ ಅಲುಗಿಸುವರು. ಕಪ್ಪೆಯು ಮೊದಲು ಮುಂಗಾಲುಗಳನ್ನು ಊರಿ ಮೈಯನ್ನು ಅತ್ತ ತಿರುಗಿಸುವುದು. ಆಮೇಲೆ, ಕಣ್ಣಿಗೆ ನಿಲುಕದ ವೇಗದಲ್ಲಿ ನಾಲಗೆಯ ಒಂದು ಸೆಳೆತ. ಆ ಬಳಿಕ ಎರಡೂ ಕಣ್ಣುಗಳು ತಲೆಯೊಳಕ್ಕೆ ಇಳಿದು, ತುತ್ತನ್ನು ಗಂಟಲಿಗೆ ಒತ್ತಿ, ಮತ್ತೆ ಮೇಲಕ್ಕೆ ಬರುವುವು. ಕಪ್ಪೆಯು ನುಂಗುವುದಕ್ಕೆ ಕಣ್ಣುಗಳನ್ನೂ ಬಳಸುತ್ತದೆಂಬುದನ್ನು ನಾನು ಪುಸ್ತಕದಲ್ಲಿ ಓದುವ ಮುನ್ನ ಆ ತೊಟ್ಟಿಯ ಅಂಚಿನಲ್ಲಿ ಕಂಡೆನು.

ಕಡ್ಡಿಯನ್ನು ಅಲುಗಿಸಬೇಕೆಂಬುದರ ಮರ್ಮವನ್ನು ಅಮೆರಿಕದಲ್ಲಿ ಲೆಟ್ವಿನ್, ಮತುರಾನ, ಮೆಕಲಕ್, ಪಿಟ್ಸ್ ಎಂಬ ನಾಲ್ವರು 1959ರಲ್ಲಿ ಪ್ರಸಿದ್ಧಪಡಿಸಿದ ಪ್ರಬಂಧವು ಬಿಡಿಸಿ ಹೇಳಿತು. ಕಪ್ಪೆಯ ಕಣ್ಣು ಎದುರಿನ ಲೋಕವನ್ನು ಇದ್ದಂತೆ ಮಿದುಳಿಗೆ ಕಳುಹಿಸುವುದಿಲ್ಲ. ಚಿಕ್ಕದಾದ, ಗಾಢವಾದ, ಚಲಿಸುತ್ತಿರುವ ವಸ್ತುವನ್ನು ಆರಿಸಿ ತಿಳಿಸುವ ತಂತುಗಳು ಕಣ್ಣಿನಲ್ಲಿಯೇ ಇವೆ. ಅಲುಗದ ಆಹಾರವು ಸುತ್ತಲೂ ರಾಶಿಬಿದ್ದಿದ್ದರೂ ಕಪ್ಪೆಯು ಉಪವಾಸದಿಂದ ಸಾಯಬಹುದೆಂದು ಅವರು ಹೇಳಿದುದು, ಸಾಕಿದ ಪ್ರಾಣಿಯ ಮುಂದೆ ಸತ್ತ ಹುಳುಗಳನ್ನು ಸುರಿದು ಅದರ ಹಟಕ್ಕೆ ನೊಂದುಕೊಳ್ಳುವವರೆಲ್ಲ ತಿಳಿಯಬೇಕಾದ ಮಾತು.

ನಿಜವಾದ ರೋಗಗಳೂ ಇಲ್ಲದಿರಲಿಲ್ಲ. ತೊಟ್ಟಿಯಲ್ಲಿ ಒತ್ತೊತ್ತಾಗಿ ತುಂಬಿದ ಕಪ್ಪೆಗಳಿಗೆ ತೊಡೆಯ ಒಳಮಗ್ಗುಲು ಕೆಂಪೇರಿ, ತೊಗಲಿನಡಿಯಲ್ಲಿ ರಕ್ತ ಒಸರಿ, ಅನ್ನ ಬಿಟ್ಟು ಸಾಯುವ ಕೆಂಗಾಲು ಬೇನೆಯನ್ನು ಎಮರ್ಸನ್ ಮತ್ತು ನಾರಿಸ್ ಎಂಬವರು 1905ರಲ್ಲಿಯೇ ವಿವರವಾಗಿ ವರ್ಣಿಸಿದ್ದರು. ಕೊಳೆನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯವೇ ಅದಕ್ಕೆ ಕಾರಣ. ರೋಗ ತಾಗಿದುದನ್ನು ಬೇರ್ಪಡಿಸಿ, ತಂಪಿನಲ್ಲಿಟ್ಟು, ದಿನದಿನವೂ ನೀರನ್ನು ಬದಲಾಯಿಸಿ, ಶೇಕಡ 0.6ರಷ್ಟು ಉಪ್ಪು ಬೆರಸಿದ ನೀರಿನಲ್ಲಿ ಮೀಯಿಸುವುದು ಆಗ ರೂಢಿಯಲ್ಲಿದ್ದ ಚಿಕಿತ್ಸೆ. ಬಾಯಿಯನ್ನು ಬಲಾತ್ಕಾರದಿಂದ ತೆರೆದು ತಿನ್ನಿಸುವುದನ್ನು ಅನುಭವಿಗಳು ಕಟ್ಟಕಡೆಯ ಉಪಾಯವೆಂದೇ ಎಣಿಸಿದರು. ಕೈಯ ಬಿಸಿಯೂ ಬೆವರಿನ ಉಪ್ಪೂ ಆ ಎಳೆಯ ತೊಗಲಿಗೆ ಹಿತವಲ್ಲ.

ಪ್ರಯೋಗಶಾಲೆಗಳ ತೊಟ್ಟಿಗಳು ಈಗ ಬರಿದಾಗಿವೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2011ರಲ್ಲಿಯೂ ಮತ್ತೆ 2014ರಲ್ಲಿಯೂ ಹೊರಡಿಸಿದ ಆದೇಶಗಳಿಂದ ಕಪ್ಪೆಯನ್ನು ಕೊಯ್ಯುವ ಪಾಠವು ನಿಂತಿತು, ನಿಂತುದು ಒಳ್ಳೆಯದೇ ಆಯಿತು. ಆದರೆ ಅಷ್ಟರಲ್ಲಿ ಬೈಲುಗಳೇ ಕೂಗನ್ನು ಕಳೆದುಕೊಂಡಿದ್ದುವು. ಗದ್ದೆಗೆ ಕೀಟನಾಶಕ ಬಂದಿತು. ಗಡಿಯಾಚೆ ಕಾಸರಗೋಡಿನ ಗೇರುತೋಟಗಳ ಮೇಲೆ ದಶಕಗಳ ಕಾಲ ಸುರಿದ ಎಂಡೋಸಲ್ಫಾನ್ ಮನುಷ್ಯರನ್ನು ಬಾಧಿಸಿದ ವಾರ್ತೆ ಹೊರಬಿದ್ದಾಗ, ಆ ಊರಿನ ತೋಡುಗಳಲ್ಲಿ ಮೀನು ಕಪ್ಪೆಗಳು ಸತ್ತು ತೇಲಿದುದನ್ನೂ ಜನ ನೆನೆದುಕೊಂಡರು. ಬೇಸಾಯ ಬಿಟ್ಟ ಗದ್ದೆಗಳು ಮನೆಕಟ್ಟುವ ನಿವೇಶನಗಳಾದುವು, ಪದವುಗಳು ಕಲ್ಲುಕೋರೆಗಳಾದುವು, ಬಾವಿಗೆ ಸಿಮೆಂಟಿನ ನುಣುಪು ಬಳೆಗಳು ಇಳಿದು, ಕಪ್ಪೆಗೆ ಕುಳಿತುಕೊಳ್ಳಲು ಪೊಟರೆಯಿಲ್ಲದಂತಾಯಿತು.

ಇಂತಹ ಹೊತ್ತಿನಲ್ಲಿಯೇ ಈ ನೆಲವು ತಾನು ಅಡಗಿಸಿಕೊಂಡಿದ್ದ ಜೀವಿಗಳನ್ನು ಒಂದೊಂದಾಗಿ ತೋರಿಸಿಕೊಟ್ಟುದು ವಿಸ್ಮಯಕರವಾದ ಸಂಗತಿ. 2004ರಲ್ಲಿ ಕೊಲ್ಲೂರಿನ ಮೂಕಾಂಬಿಕಾ ವನ್ಯಧಾಮದ ಆಸುಪಾಸಿನಿಂದ ಹೊಸ ಸಿಸಿಲಿಯನ್ ಒಂದು, 2007ರಲ್ಲಿ ಕುದುರೆಮುಖದ ಹೆಸರನ್ನೇ ಹೊತ್ತ ಕಪ್ಪೆಯೊಂದು ಶಾಸ್ತ್ರಲೋಕಕ್ಕೆ ಪರಿಚಿತವಾದುವು. 2016ರಲ್ಲಿ ಕೆ. ಎಸ್. ಶೇಷಾದ್ರಿ, ರಮಿತ್ ಸಿಂಗಲ್, ಕೆ. ವಿ. ಗುರುರಾಜ ಮೊದಲಾದವರು ಮಣಿಪಾಲದ ಸುತ್ತಣ ಮುರಕಲ್ಲಿನ ಹಾಸುಗಳಿಂದ ಮೈಕ್ರೊಹೈಲಾ ಲ್ಯಾಟರೈಟ್ ಎಂಬ ಕಪ್ಪೆಯನ್ನು ವರ್ಣಿಸಿದರು. ಒಂದೂವರೆ ಸೆಂಟಿಮೀಟರಿಗಿಂತ ತುಸುವೇ ದೊಡ್ಡದಾದ, ತಿಳಿಗಂದು ಮೈಯ ಮೇಲೆ ಕರಿಯ ಗೆರೆಗಳುಳ್ಳ ಈ ಪ್ರಾಣಿಯು, ಮಳೆಯ ರಾತ್ರಿಗಳಲ್ಲಿ ಹುಲ್ಲಿನ ಬುಡದಿಂದ ಜೀರುಂಡೆಯದೇ ದನಿಯಲ್ಲಿ ಕೂಗುವುದರಿಂದ, ಸಾವಿರಾರು ವಿದ್ಯಾರ್ಥಿಗಳು ಓಡಾಡುವ ಊರಿನ ನಡುವೆಯೇ ಅಜ್ಞಾತವಾಸದಲ್ಲಿತ್ತು. ಸರಕಾರದ ಕಾಗದಪತ್ರಗಳಲ್ಲಿ ಪಾಳುಭೂಮಿಯೆಂದು ಬರೆಯಲ್ಪಡುವ ಕಲ್ಲುಹಾಸಿನ ಮೇಲೆ, ಮಳೆಗಾಲದಲ್ಲಿ ಮಾತ್ರ ನಿಲ್ಲುವ ಅಂಗೈಯಗಲದ ನೀರಿನ ಹೊಂಡಗಳು ಅದರ ಸರ್ವಸ್ವ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕಿ ಉಳಿಸುವೆವೆಂಬುದು ಆಗದ ಮಾತು. ಅದರ ಅನ್ನವೆಂದರೆ ಆ ಹೊಂಡದ ಅಂಚಿನ ಹುಲ್ಲಿನಲ್ಲಿ ಹರಿದಾಡುವ ಅಣುಗಾತ್ರದ ಹುಳುಗಳು.

2019ರ ಬೇಸಗೆಯಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿ, ಉಡುಪಿ ನಗರವು ಕುಡಿಯುವ ನೀರಿಗೆ ಪರದಾಡಿತು. ಆ ವರ್ಷದ ಜೂನ್ 8ರಂದು ಅಲ್ಲಿಯ ನಾಗರಿಕರು ಸೇರಿ ಮಂಡೂಕ ಪರಿಣಯವನ್ನು ನೆರವೇರಿಸಿದರು. ಬೇರೆ ಬೇರೆ ಹಳ್ಳಿಗಳಿಂದ ತಂದ ಕಪ್ಪೆಗಳೆರಡಕ್ಕೆ ವರುಣ, ವರ್ಷಾ ಎಂಬ ಹೆಸರುಗಳನ್ನಿಟ್ಟು ಧಾರೆಯೆರೆದು, ಬಳಿಕ ಮಣಿಪಾಲದ ಮಣ್ಣಪಳ್ಳದ ಕೆರೆಗೆ ಬಿಟ್ಟರು. ಬಯಲುಸೀಮೆಯಲ್ಲಿ ಗುರ್ಜಿಯನ್ನು ಹೊತ್ತು ಮಳೆಯನ್ನು ಬೇಡುವಂತಹ ಆಚರಣೆಗಳ ಅಗತ್ಯವು ಮಳೆಯ ತವರಾದ ಈ ಕರಾವಳಿಗೆ ಹಿಂದೆ ಹೆಚ್ಚಾಗಿ ಬಿದ್ದುದಿಲ್ಲ; ಬಿದ್ದಿತೆಂಬುದೇ ಕಾಲದ ಕೇಡನ್ನು ತಿಳಿಸುತ್ತದೆ. ಆ ಆಚರಣೆಯ ಹಿಂದಿದ್ದ ಆರ್ತತೆಯನ್ನು ನಾನು ಗೌರವಿಸುತ್ತೇನೆ. ವರನಿಗೆ ವರುಣನ ಹೆಸರನ್ನಿಟ್ಟುದು, ಮಾಂಡೂಕ್ಯದ ಭಾಷ್ಯವು ಹುಟ್ಟಿದ ನೆಲಕ್ಕೆ ಉಚಿತವೂ ಆಯಿತು. ಒಂದು ವಿಷಯವನ್ನು ಮಾತ್ರ ಹೇಳದಿರಲಾರೆ. 1990ರ ದಶಕದ ಕೊನೆಯಲ್ಲಿ ವಿಜ್ಞಾನಿಗಳು ಕಂಡುಹಿಡಿದ ಕೈಟ್ರಿಡ್ ಎಂಬ ಶಿಲೀಂಧ್ರವು ಕಪ್ಪೆಗಳ ತೊಗಲನ್ನು ಹತ್ತಿ ಲೋಕದ ಹಲವೆಡೆ ಅವುಗಳ ಕುಲವನ್ನೇ ಅಳಿಸಿದೆ. ಅದು ನಮ್ಮ ಘಟ್ಟಗಳಲ್ಲಿಯೂ ಪತ್ತೆಯಾಗಿದೆ. ಅದರ ದಾಯಾದಿಯಾದ ಇನ್ನೊಂದು, 2013ರಲ್ಲಿ ಗುರುತಿಸಲ್ಪಟ್ಟದ್ದು, ಸಾಕುವುದಕ್ಕೆಂದು ಏಷ್ಯದಿಂದ ಒಯ್ದ ನ್ಯೂಟ್‌ಗಳೊಡನೆಯೇ ಯೂರೋಪಿಗೆ ದಾಟಿ, ಅಲ್ಲಿಯ ಸಾಲಮಾಂಡರುಗಳನ್ನು ಸೂರೆಗೊಂಡಿತೆಂದು ಸಂಶೋಧಕರು ನಿರ್ಣಯಿಸಿದ್ದಾರೆ. ಈ ಶಿಲೀಂಧ್ರಗಳು ಸೋಂಕಿದ ಪ್ರಾಣಿಯ ಲಕ್ಷಣಗಳಲ್ಲೊಂದು, ಜಡವಾಗಿ ಕುಳಿತು ಆಹಾರವನ್ನು ತೊರೆಯುವುದು. ಇಂತಿರುವಾಗ ಒಂದು ಹಳ್ಳಿಯ ಗದ್ದೆಯ ಕಪ್ಪೆಯನ್ನು ಇನ್ನೊಂದು ಊರಿನ ಕೆರೆಗೆ ಸೇರಿಸುವುದು, ನೋಡುವುದಕ್ಕೆ ಬಿಡುಗಡೆಯಾದರೂ, ಎರಡೂ ನೀರುಗಳಿಗೆ ಕೇಡನ್ನು ತರಬಹುದಾದ ಕೆಲಸ. ಮುಂದೆ ಎಂದಾದರೂ ಇಂತಹ ಪರಿಣಯವು ಜರುಗುವುದಾದರೆ, ವಧೂವರರನ್ನು ಹಿಡಿದು ತಂದ ಗದ್ದೆಗೇ ಆಯಾ ಊರಿನವರು ಅದೇ ಸಂಜೆ ತಲಪಿಸಲಿ. ಅವನ್ನು ತಂದ ಪಾತ್ರೆಯ ನೀರನ್ನು ತೋಡಿಗೆ ಚೆಲ್ಲದೆ, ಬಿಸಿಲು ಬೀಳುವ ಒಣನೆಲಕ್ಕೆ ಹೊಯ್ದು, ಪಾತ್ರೆಯನ್ನು ತಿಕ್ಕಿ ತೊಳೆದು ಒಣಗಿಸಲಿ.